ಸಾವಿಗೆ ಶಾಸ್ತ್ರವಿತ್ತು, ಕಾಯಿಲೆಗೆ ಇರಲಿಲ್ಲ

ಆಸ್ಪತ್ರೆಯೊಂದರ ಸ್ಮರಣ ಸಂಚಿಕೆ ಬಿಚ್ಚಿದರೆ ಮೊದಲಿಗೆ ಸಿಗುವುದು ಶಂಕುಸ್ಥಾಪನೆಯ ಚಿತ್ರ, ಆಮೇಲೆ ದಾನಿಗಳ ಭಾವಚಿತ್ರ, ಅದಾದ ಮೇಲೆ ಹಾಸಿಗೆಗಳ ಲೆಕ್ಕ. ದಾವಣಗೆರೆಗೆ ಈ ಮೂರರಲ್ಲಿ ಯಾವುದಕ್ಕೂ ಬರವಿಲ್ಲ. ಹತ್ತಿ ಗಿರಣಿ, ಎಣ್ಣೆ ಮಿಲ್ಲು, ದಲ್ಲಾಳಿ ಮಂಡಿಗಳಲ್ಲಿ ದುಡಿದ ದುಡ್ಡು ಇಲ್ಲಿ ಛತ್ರವಾಯಿತು, ಹಾಸ್ಟೆಲಾಯಿತು, ಕಾಲೇಜಾಯಿತು. 1958ರಲ್ಲಿ ಬಾಪೂಜಿ ವಿದ್ಯಾಸಂಸ್ಥೆ ಹುಟ್ಟಿತು. 1965ರಲ್ಲಿ ಜಗದ್ಗುರು ಜಯದೇವ ಮುರುಘರಾಜೇಂದ್ರ ವೈದ್ಯಕೀಯ ಕಾಲೇಜು ಬಂತು. ಊರವರ ಬಾಯಲ್ಲಿ ಅದು ಜೆಜೆಎಂ. ಚಿಗಟೇರಿ ಮನೆತನದ ಹೆಸರು ಹೊತ್ತ ಸರ್ಕಾರಿ ಆಸ್ಪತ್ರೆ ಒಂದು ಕಡೆ, ಬಾಪೂಜಿ ಆಸ್ಪತ್ರೆ ಇನ್ನೊಂದು ಕಡೆ. ಜಗಳೂರು, ಹರಪನಹಳ್ಳಿ, ಹೊನ್ನಾಳಿ, ಹರಿಹರ, ರಾಣೆಬೆನ್ನೂರು ಕಡೆಯ ಜನ ಬುತ್ತಿಗಂಟು ಹಿಡಿದು ಈ ಅಂಗಳಗಳಿಗೆ ಬಂದು ಕೂರತೊಡಗಿ ದಶಕಗಳೇ ಉರುಳಿವೆ.

ಹಾಸಿಗೆಯ ಮೇಲೆ ಮಲಗಿದವರ ವಿಷಯವೆಲ್ಲ ಕೇಸ್ ಶೀಟಿನಲ್ಲಿ ಇರುತ್ತದೆ. ಪಕ್ಕದ ಸ್ಟೂಲಿನ ಮೇಲೆ ಕೂತವರದು ಎಲ್ಲೂ ಇರುವುದಿಲ್ಲ. 'ಪೇಷಂಟ್ ಕಡೆಯವರು' ಅನ್ನುವುದೊಂದೇ ಅವರಿಗಿರುವ ಹೆಸರು. ರಕ್ತ ತರಲು, ಬಿಲ್ಲು ಕಟ್ಟಲು, ಸಹಿ ಹಾಕಲು ಅವರು ಬೇಕು. ಅವರು ರಾತ್ರಿ ನಿದ್ದೆ ಮಾಡಿದರೋ ಇಲ್ಲವೋ ಎಂದು ಕೇಳುವುದು ಬಹಳ ಕಾಲ ಯಾರ ಕೆಲಸವೂ ಆಗಿರಲಿಲ್ಲ. ಅದು ಕೆಲವರ ಕೆಲಸವಾದದ್ದು ಹೇಗೆ, ಎಲ್ಲಿಂದ ಶುರುವಾಗಿ ಎಲ್ಲಿಗೆ ಮುಟ್ಟಿತು ಎಂಬುದನ್ನು ಇಲ್ಲಿ ಹೇಳಬೇಕಾಗಿದೆ.

ಸಾವಿನ ವಿಷಯದಲ್ಲಿ ಈ ಸೀಮೆಗೆ ಹೊರಗಿನವರು ಬಂದು ಕಲಿಸಬೇಕಾದ್ದು ಹೆಚ್ಚೇನೂ ಇರಲಿಲ್ಲ. ದಾವಣಗೆರೆ–ಹರಿಹರದ ಕೇರಿಗಳಲ್ಲಿ ಒಂದು ಮನೆಯಲ್ಲಿ ಸಾವಾದರೆ ಆ ಮನೆಯ ಒಲೆ ಹೊತ್ತುವುದಿಲ್ಲ. ನೆರೆಮನೆಯಿಂದ ರೊಟ್ಟಿ, ಅನ್ನ ಬರುತ್ತದೆ. ಲಿಂಗಾಯತರ ಮನೆಯಾದರೆ ದೇಹವನ್ನು ಕೂರಿಸಿ, ವಿಭೂತಿ ಹಚ್ಚಿ, ಹೂವು ಏರಿಸಿ, ತಾಳ ಹಾರ್ಮೋನಿಯಂ ಹಿಡಿದವರು ರಾತ್ರಿಯಿಡೀ ಭಜನೆ ಮಾಡುತ್ತಾರೆ. ಹಾಲು ತುಪ್ಪ ಬಿಡುವುದಕ್ಕೊಂದು ದಿನ, ಶಿವಗಣಾರಾಧನೆಗೊಂದು ದಿನ. ಮುಸ್ಲಿಮರಲ್ಲಿ ಮೂರನೆಯ ದಿನದ ಜಿಯಾರತ್, ನಲವತ್ತನೆಯ ದಿನದ ಫಾತಿಹಾ. ತಿಂಗಳೊಪ್ಪತ್ತು ನೆಂಟರು, ಓಣಿಯವರು, ಅಂಗಡಿಯ ಗಿರಾಕಿಗಳು ಸಹ 'ಮಾತಾಡಿಸಿಕೊಂಡು' ಹೋಗಲು ಬರುತ್ತಲೇ ಇರುತ್ತಾರೆ. ಬಂದವರೆಲ್ಲ ಕೇಳುವುದು ಒಂದೇ ಪ್ರಶ್ನೆ: ಹೆಂಗಾತು? ಮನೆಯವರು ಅದೇ ಕತೆಯನ್ನು ಇಪ್ಪತ್ತು ಸಲ, ಮೂವತ್ತು ಸಲ ಹೇಳುತ್ತಾರೆ. ಹೇಳುತ್ತ ಹೇಳುತ್ತ ಕತೆಗೊಂದು ಆಕಾರ ಬರುತ್ತದೆ, ಅಳು ಹದಕ್ಕೆ ಬರುತ್ತದೆ. ಮನೋವೈದ್ಯರು ಮಾಡಿಸುವ ಕೆಲಸದ ಒಂದು ದೊಡ್ಡ ಪಾಲು ಅಲ್ಲೇ ಮುಗಿದಿರುತ್ತದೆ.

ಇದರಲ್ಲಿ ಎಲ್ಲವೂ ಚೆಂದ ಎಂದೇನಲ್ಲ. ಗಂಡ ಸತ್ತ ಹೆಂಗಸನ್ನು ಅದೇ ಶಾಸ್ತ್ರ ಮೂಲೆಗೆ ತಳ್ಳಿದ್ದೂ ಉಂಟು. ಎಳೆ ಕೂಸು ಸತ್ತರೆ ದೊಡ್ಡವರಿಗೆ ಮಾಡುವ ಕಾರ್ಯಗಳಲ್ಲಿ ಎಷ್ಟೋ ಬಿಟ್ಟುಹೋಗುತ್ತವೆ. ಹಾಗಾಗಿ ಹೆತ್ತವಳನ್ನು ಮಾತಾಡಿಸಲು ಬರುವವರೂ ಕಡಿಮೆ. 'ಇನ್ನೊಂದು ಆಗುತ್ತೆ ಬಿಡು' ಎಂದು ಹೇಳಿ ಎದ್ದುಹೋಗುತ್ತಾರೆ. ಇಷ್ಟಾದರೂ ಸಾವಿಗೊಂದು ಶಾಸ್ತ್ರವಿತ್ತು, ಅದಕ್ಕೊಂದು ಕೊನೆಯ ದಿನವಿತ್ತು. ಮುಗಿಯದ ಕಾಯಿಲೆಗೆ ಅಂಥದ್ದೇನೂ ಇರಲಿಲ್ಲ.

ಇದ್ದದ್ದು ಹರಕೆ. ಹರಿಹರದ ಆರೋಗ್ಯ ಮಾತೆಯ ಚರ್ಚಿಗೆ ಪ್ರತಿ ಸೆಪ್ಟೆಂಬರ್ 8ರ ಹಬ್ಬಕ್ಕೆ ಬರುವವರಲ್ಲಿ ಕ್ರೈಸ್ತರಲ್ಲದವರೂ ಬಹಳ. ಈಗ ಬೆಸಿಲಿಕಾ ಪದವಿ ಪಡೆದಿರುವ ಆ ಚರ್ಚಿನಲ್ಲಿ ಮೇಣದಬತ್ತಿ ಹಚ್ಚಿ, ಹರಿಹರೇಶ್ವರನಿಗೂ ಕೈಮುಗಿದು, ತುಂಗಭದ್ರೆಯಲ್ಲಿ ಮುಳುಗೆದ್ದು ಊರಿಗೆ ಹೋಗುವುದರಲ್ಲಿ ಇಲ್ಲಿನ ಜನ ಯಾವ ತೊಡಕನ್ನೂ ಕಂಡವರಲ್ಲ. ಹರಕೆಯಿಂದ ಮನಸ್ಸು ಹಗುರಾಗುವುದು ನಿಜ. ಆದರೆ ವರ್ಷಕ್ಕೆ ಹತ್ತಾರು ಸಲ ಮಂಡಿ ಊದುವ ಹುಡುಗನ ತಾಯಿಗೆ ಎಷ್ಟು ಹರಕೆ ಸಾಕು?

ಆ ಹುಡುಗನ ಕಾಯಿಲೆಯ ಹೆಸರು ಹಿಮೋಫಿಲಿಯಾ. ಕನ್ನಡ ಪತ್ರಿಕೆಗಳು ಕುಸುಮ ರೋಗ ಎಂದೂ ಬರೆಯುತ್ತವೆ. ದಾವಣಗೆರೆಯಲ್ಲಿ ರೋಗಿಗೂ ರೋಗಿಯ ಕಡೆಯವರಿಗೂ ಒಟ್ಟಿಗೆ ಆಸರೆಯಾಗುವ ಸಂಸ್ಥೆ ರೂಪುಗೊಂಡ ಬಗೆಯನ್ನು ತಿಳಿಯಲು ಈ ಕಾಯಿಲೆಯಷ್ಟು ಒಳ್ಳೆಯ ದಾರಿ ಬೇರೆ ಇಲ್ಲ.

ರಕ್ತ ಹೆಪ್ಪುಗಟ್ಟಲು ಬೇಕಾದ ಅಂಶಗಳಲ್ಲಿ ಎಂಟನೆಯದು ಕೊರತೆಯಾದರೆ ಹಿಮೋಫಿಲಿಯಾ ಎ, ಒಂಬತ್ತನೆಯದಾದರೆ ಬಿ. ಎ ಬಗೆಯದು ಸುಮಾರು 5,000 ಗಂಡು ಮಕ್ಕಳಲ್ಲಿ ಒಬ್ಬನಿಗೆ ಬರುತ್ತದೆ. ಬಿ ಇನ್ನೂ ವಿರಳ. ಕೂಸು ಅಂಬೆಗಾಲಿಡುವಾಗ ಮೈಮೇಲೆ ನೀಲಿ ಕಲೆಗಳು ಏಳುತ್ತವೆ. ಹಾಲುಹಲ್ಲು ಬಿದ್ದ ಜಾಗದಲ್ಲಿ ರಕ್ತ ಜಿನುಗುತ್ತಲೇ ಇರುತ್ತದೆ. ಕೆಲವು ಮನೆಗಳಲ್ಲಿ ಖತ್ನಾ ಆದ ದಿನವೇ ಗೊತ್ತಾಗುತ್ತದೆ. ಎಲ್ಲಕ್ಕಿಂತ ಮೋಸದ್ದು ಕೀಲಿನೊಳಗಿನ ರಕ್ತಸ್ರಾವ. ಹೊರಗೆ ಒಂದು ಹನಿಯೂ ಕಾಣದು. ಮಂಡಿ ಬಿಸಿಯಾಗಿ, ಬಿಗಿದು, ಊದಿ, ಮಗು ಕಾಲು ಊರದೆ ಕಿರುಚುತ್ತದೆ. ಉಳುಕಿರಬೇಕು ಎಂದು ಹಿರಿಯರು ಎಣ್ಣೆ ಹಚ್ಚಿ ನೀವುತ್ತಾರೆ; ನೀವಿದಷ್ಟೂ ಒಳಗೆ ರಕ್ತ ಹೆಚ್ಚುತ್ತದೆ. ಶಾಲೆಯಲ್ಲಿ ಮೇಷ್ಟ್ರಿಗೆ ಅದು ಸೋಮಾರಿಯ ನೆಪ. ಹೀಗೆ ಪದೇಪದೇ ಆದ ಕೀಲು ಸವೆದು, ಹದಿನೈದನೆಯ ವಯಸ್ಸಿಗೆಲ್ಲ ಕಾಲು ಮಡಚಿದ ಹಾಗೇ ನಿಂತುಬಿಡುತ್ತದೆ.

ದೇಹದ ಕತೆ ಇದು. ಮನೆಯೊಳಗಿನ ಕತೆ ಇದಕ್ಕಿಂತ ಕಠಿಣ. ಈ ದೋಷ ಎಕ್ಸ್ ವರ್ಣತಂತುವಿನಲ್ಲಿ ಇರುತ್ತದೆ. ತಾಯಿಗೆ ಎರಡು ಎಕ್ಸ್. ಒಂದರಲ್ಲಿ ದೋಷವಿದ್ದರೂ ಇನ್ನೊಂದು ಕಾಪಾಡುವುದರಿಂದ ಅವಳು ಮೇಲ್ನೋಟಕ್ಕೆ ಆರೋಗ್ಯವಾಗಿಯೇ ಇರುತ್ತಾಳೆ. ಅವಳ ಹೊಟ್ಟೆಯಲ್ಲಿ ಹುಟ್ಟುವ ಪ್ರತಿ ಗಂಡುಮಗುವಿಗೂ ಕಾಯಿಲೆ ಬರುವ ಸಂಭವ ಮಾತ್ರ ಅರ್ಧಕ್ಕರ್ಧ. 'ಇದು ತಾಯಿಯ ಕಡೆಯಿಂದ ಬರುವ ಕಾಯಿಲೆ' ಎಂದು ಡಾಕ್ಟರು ಅವಸರದಲ್ಲಿ ಹೇಳಿದ ಒಂದು ಮಾತು ಮನೆಗೆ ತಲುಪುವ ಹೊತ್ತಿಗೆ 'ನಿನ್ನ ತವರಿನ ರೋಗ' ಆಗಿರುತ್ತದೆ. ಅತ್ತೆ ಅನ್ನದಿದ್ದರೂ ಅವಳೇ ಅಂದುಕೊಳ್ಳುತ್ತಾಳೆ: ನನ್ನಿಂದಲೇ ಬಂತು. ಅವಳ ತಮ್ಮನೋ ಸೋದರಮಾವನೋ ಚಿಕ್ಕಂದಿನಲ್ಲಿ ಇದೇ ರಕ್ತಸ್ರಾವದಲ್ಲಿ ತೀರಿಹೋಗಿದ್ದರೆ, ಆಗ ಯಾರಿಗೂ ಅರ್ಥವಾಗದಿದ್ದ ಆ ಸಾವು ಈಗ ಎದ್ದು ಬರುತ್ತದೆ. ಸುಮಾರು ಮೂರರಲ್ಲೊಂದು ಪ್ರಕರಣದಲ್ಲಿ ಮನೆತನದಲ್ಲಿ ಹಿಂದೆ ಯಾರಿಗೂ ಕಾಯಿಲೆ ಇದ್ದಿರುವುದಿಲ್ಲ, ದೋಷ ಹೊಸದಾಗಿಯೇ ಹುಟ್ಟಿರುತ್ತದೆ ಎಂಬ ಸಂಗತಿಯನ್ನು ಯಾರಾದರೂ ನಿಧಾನವಾಗಿ ಕೂತು ಹೇಳದಿದ್ದರೆ ಅವಳಿಗೆ ತಿಳಿಯುವ ದಾರಿಯೇ ಇಲ್ಲ.

ಇನ್ನೊಂದು ಗಂಟು ಈ ಸೀಮೆಯದೇ. ಅಕ್ಕನ ಮಗಳನ್ನು ತಮ್ಮನಿಗೆ ತರುವುದು ಇಲ್ಲಿ ಹಳೆಯ ವಾಡಿಕೆ. ಆ ತಮ್ಮನಿಗೆ ಹಿಮೋಫಿಲಿಯಾ ಇದ್ದು, ಅಕ್ಕನೂ ಅವಳ ಮಗಳೂ ವಾಹಕರಾಗಿದ್ದರೆ, ಆ ಮದುವೆಯಿಂದ ಹುಟ್ಟುವ ಹೆಣ್ಣುಮಗುವಿಗೂ ಕಾಯಿಲೆ ಬರಬಹುದು. ಗಂಡಸರ ಕಾಯಿಲೆ ಎಂದು ಹೆಸರಾದದ್ದು ಹೆಣ್ಣಿಗೂ ತಗಲುವುದು ಹೀಗೆ. ಕಾಯಿಲೆಯ ಹುಡುಗನಿಗೆ ಹೊರಗಿನಿಂದ ಹೆಣ್ಣು ಸಿಗುವುದಿಲ್ಲ ಎಂದು ಮನೆಯೊಳಗೇ ನೋಡುವ ಹಿರಿಯರ ಕರುಣೆಯೇ ಇಲ್ಲಿ ತೊಡಕಾಗುತ್ತದೆ. ಇಂಥದ್ದನ್ನು ಕರಪತ್ರದಲ್ಲಿ ಅಚ್ಚುಹಾಕಿ ಹಂಚಿದರೆ ಜಗಳವಾಗುತ್ತದೆ. ಚಹಾ ಕುಡಿಸಿ, ವಂಶವೃಕ್ಷ ಬರೆದು, ವೃತ್ತಕ್ಕೂ ಚೌಕಕ್ಕೂ ಗೆರೆ ಎಳೆದು ತೋರಿಸಬೇಕು.

ಕರ್ನಾಟಕ ಹಿಮೋಫಿಲಿಯಾ ಸೊಸೈಟಿ ಮೂರು ದಶಕಗಳಿಂದ ದಾವಣಗೆರೆಯಲ್ಲಿ ನೆಲೆಯೂರಿ ಮಾಡುತ್ತ ಬಂದಿರುವುದು ಹೆಚ್ಚಾಗಿ ಇದನ್ನೇ. ಅದರ ಸ್ಥಾಪಕರು ಜೆಜೆಎಂ ಕಾಲೇಜಿನ ಪೆಥಾಲಜಿ ಪ್ರಾಧ್ಯಾಪಕ ಡಾ. ಸುರೇಶ್ ಹನಗವಾಡಿ. ಅವರ ಹೆಸರಿನಲ್ಲಿರುವ ಹನಗವಾಡಿ ಹರಿಹರ ತಾಲ್ಲೂಕಿನ ಊರು. ಅವರೂ ಹಿಮೋಫಿಲಿಯಾದೊಂದಿಗೆ ಬದುಕುತ್ತಿರುವವರೇ. ಈ ಒಂದು ಸಂಗತಿ ಸಂಸ್ಥೆಯ ಸ್ವಭಾವವನ್ನೇ ನಿರ್ಧರಿಸಿತು ಎಂದರೆ ತಪ್ಪಾಗದು. ಮೇಜಿನ ಆಚೆ ಕೂತ ಡಾಕ್ಟರಿಗೂ ತನ್ನ ಮಗನದೇ ಕಾಯಿಲೆ ಎಂದು ಕಂಡ ತಾಯಿಗೆ ಬೇರೆ ಸಮಾಧಾನದ ಮಾತು ಅಷ್ಟಾಗಿ ಬೇಕಾಗುವುದಿಲ್ಲ. ಈ ಹುಡುಗ ಬದುಕುತ್ತಾನೆಯೇ, ಓದುತ್ತಾನೆಯೇ, ದುಡಿಯುತ್ತಾನೆಯೇ ಎಂಬ ಮೂರು ಪ್ರಶ್ನೆಗಳಿಗೂ ಉತ್ತರ ಕಣ್ಣೆದುರೇ ಕೂತಿರುತ್ತದೆ.

ರೋಗಿಗಳೇ ಕೂಡಿ ಸಂಘ ಕಟ್ಟುವ ಪದ್ಧತಿ ಈ ಕಾಯಿಲೆಯಲ್ಲಿ ಮೊದಲಿನಿಂದಲೂ ಇದೆ. 1963ರಲ್ಲಿ ವಿಶ್ವ ಹಿಮೋಫಿಲಿಯಾ ಒಕ್ಕೂಟ ಕಟ್ಟಿದ ಕೆನಡಾದ ಫ್ರಾಂಕ್ ಶ್ನಾಬೆಲ್ ಒಬ್ಬ ಉದ್ಯಮಿ, ತೀವ್ರ ಹಿಮೋಫಿಲಿಯಾ ಇದ್ದವರು. ಅವರ ಹುಟ್ಟಿದ ದಿನವಾದ ಏಪ್ರಿಲ್ 17ನ್ನೇ 1989ರಿಂದ ವಿಶ್ವ ಹಿಮೋಫಿಲಿಯಾ ದಿನವಾಗಿ ಆಚರಿಸುತ್ತಾರೆ. 1983ರಲ್ಲಿ ದೆಹಲಿಯಲ್ಲಿ ಭಾರತೀಯ ಒಕ್ಕೂಟ ಶುರುಮಾಡಿದ ಅಶೋಕ್ ವರ್ಮಾ ಕೂಡ ರೋಗಿಯೇ. ದಾವಣಗೆರೆಯ ಸೊಸೈಟಿ ಇದೇ ಸಾಲಿನದು. ದೊಡ್ಡ ಊರಿನ ದೊಡ್ಡ ಆಸ್ಪತ್ರೆಯ ನೆರಳಿಲ್ಲದೆ ಜಿಲ್ಲಾ ಕೇಂದ್ರದಲ್ಲಿ ಬೇರುಬಿಟ್ಟು ರಾಜ್ಯದ ಹೆಸರು ಹೊತ್ತದ್ದು ಮಾತ್ರ ಅದರ ವಿಶೇಷ.

ಅಲ್ಲಿ ನಡೆಯುವ ಕೆಲಸವನ್ನು ಹತ್ತಿರದಿಂದ ನೋಡುವುದಾದರೆ ಫ್ರಿಜ್ಜಿನಿಂದ ಶುರುಮಾಡಬೇಕು. ಕೊರತೆಯಾದ ಅಂಶವನ್ನು — ಎಲ್ಲರೂ ಅನ್ನುವಂತೆ 'ಫ್ಯಾಕ್ಟರ್' — ಬಿಳಿ ಪುಡಿಯಾಗಿ ಪುಟ್ಟ ಸೀಸೆಯಲ್ಲಿ ತುಂಬಿ, ಸಾಮಾನ್ಯವಾಗಿ 2ರಿಂದ 8 ಡಿಗ್ರಿ ತಂಪಿನಲ್ಲಿ ಇಡುತ್ತಾರೆ. ಹೊರಗೆ ತೆಗೆದು, ತಣುಪು ಬಿಡಿಸಿ, ಜೊತೆಗೆ ಬರುವ ನೀರನ್ನು ಸೀಸೆಯ ಗೋಡೆಗುಂಟ ಇಳಿಸಬೇಕು. ಆಮೇಲೆ ಸೀಸೆಯನ್ನು ಕುಲುಕಬಾರದು, ಅಂಗೈಯಲ್ಲಿಟ್ಟು ಮೆಲ್ಲಗೆ ತಿರುಗಿಸಬೇಕು. ಕುಲುಕಿದರೆ ನೊರೆಯೆದ್ದು ಪ್ರೋಟೀನು ಕೆಡುತ್ತದೆ. ಪುಡಿ ಪೂರ್ತಿ ಕರಗಿ ತಿಳಿಯಾದ ಮೇಲೆ ಸಿರಿಂಜಿಗೆ ಎಳೆದು, ಚಿಟ್ಟೆ ಸೂಜಿಯಲ್ಲಿ ರಕ್ತನಾಳ ಹಿಡಿದು, ನಿಧಾನವಾಗಿ ಏರಿಸಬೇಕು. ಎಂಟನೆಯ ಅಂಶದ ಅರ್ಧ ಶಕ್ತಿ ಹೆಚ್ಚುಕಡಿಮೆ ಅರ್ಧ ದಿನದಲ್ಲಿ ಕರಗಿಹೋಗುತ್ತದೆ, ಹಾಗಾಗಿ ದೊಡ್ಡ ಸ್ರಾವವಾದರೆ ಒಂದೇ ಸಲಕ್ಕೆ ಮುಗಿಯದು. ಇದನ್ನೆಲ್ಲ ಮೊದಲು ನರ್ಸ್ ಮಾಡುತ್ತಾರೆ, ಆಮೇಲೆ ತಾಯಿಗೆ ಕಲಿಸುತ್ತಾರೆ, ಕೊನೆಗೆ ಹುಡುಗನಿಗೆ. ತನ್ನ ಕೈಗೆ ತಾನೇ ಸೂಜಿ ಹಾಕಿಕೊಳ್ಳಲು ಕಲಿತ ಹುಡುಗ ಆಮೇಲೆ ಒಬ್ಬನೇ ಬಸ್ಸು ಹತ್ತಿ ಪರವೂರಿನ ಕಾಲೇಜಿಗೆ ಹೋಗಬಲ್ಲ. ಸಮಾಲೋಚನೆಯ ಪುಸ್ತಕಗಳು ಆತ್ಮವಿಶ್ವಾಸದ ಬಗ್ಗೆ ಬರೆಯುವ ಅಧ್ಯಾಯಗಳಿಗಿಂತ ಈ ಸೂಜಿಯ ಪಾಠ ಪರಿಣಾಮಕಾರಿ.

ಹಿಂದೆ ಹೀಗಿರಲಿಲ್ಲ. 1964ರಲ್ಲಿ ಅಮೆರಿಕದ ಜೂಡಿತ್ ಪೂಲ್ ಮಂಜುಗಟ್ಟಿಸಿದ ಪ್ಲಾಸ್ಮಾದಿಂದ ಎಂಟನೆಯ ಅಂಶ ತುಂಬಿದ 'ಕ್ರಯೋ' ತೆಗೆಯುವ ದಾರಿ ಕಂಡುಹಿಡಿಯುವವರೆಗೆ ಜಗತ್ತಿಗೆಲ್ಲ ಇಡೀ ರಕ್ತ, ಇಲ್ಲವೇ ಪ್ಲಾಸ್ಮಾವೇ ಗತಿ. ನಮ್ಮ ಜಿಲ್ಲೆಗಳಲ್ಲಿ ಆ ಕಾಲ ಇನ್ನೂ ಬಹಳ ವರ್ಷ ಮುಂದುವರಿಯಿತು. ಫ್ಯಾಕ್ಟರ್ ಬಂದ ಮೇಲೂ ಅದರ ಬೆಲೆ ರೈತರ, ಹಮಾಲರ, ಮಿಲ್ ಕಾರ್ಮಿಕರ ಮನೆಗಳಿಗೆ ಎಟುಕುವಂಥದ್ದಲ್ಲ. ಇಂದು ಕರ್ನಾಟಕದಲ್ಲಿ ಸರ್ಕಾರಿ ಆಸ್ಪತ್ರೆಗಳ ಮೂಲಕ ಅದು ಉಚಿತವಾಗಿ ಸಿಗುತ್ತಿರುವುದರ ಹಿಂದೆ ರೋಗಿಗಳ ಸಂಘಟನೆಗಳು ವಿಧಾನಸೌಧದ ಮೆಟ್ಟಿಲು ಸವೆಸಿದ ವರ್ಷಗಳಿವೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹಿಮೋಫಿಲಿಯಾ, ತಲಸ್ಸೇಮಿಯಾ, ಸಿಕಲ್ ಸೆಲ್‌ಗಳನ್ನು 21 ಬಗೆಯ ವೈಕಲ್ಯಗಳ ಪಟ್ಟಿಗೆ ಸೇರಿಸಿದ್ದೂ ಇಂಥದ್ದೇ ಓಡಾಟದ ಫಲ.

ತಾಯಂದಿರ ಸಭೆಗಳಲ್ಲಿ ಎದ್ದುಕಾಣುವ ಸಂಗತಿಯೊಂದಿದೆ. ಹೊಸದಾಗಿ ಬಂದವಳಿಗೆ ಬೇಕಾಗಿರುವುದು ಮೊದಲು ಮಾಹಿತಿ: ಮಂಡಿ ಊದಿದರೆ ಐಸನ್ನು ನೇರವಾಗಿ ಇಡಬೇಕೋ ಬಟ್ಟೆಯಲ್ಲಿ ಸುತ್ತಬೇಕೋ, ಯಾವ ನೋವಿನ ಮಾತ್ರೆ ಕೊಡಬಾರದು (ಆಸ್ಪಿರಿನ್ ಸುತರಾಂ ಕೂಡದು), ಇಂಜೆಕ್ಷನನ್ನು ಸ್ನಾಯುವಿಗೆ ಹಾಕಿಸಬಹುದೇ, ಶಾಲೆಯ ಹೆಡ್‌ಮಾಸ್ತರಿಗೆ ಪತ್ರ ಯಾರು ಕೊಡುತ್ತಾರೆ. ಇವಕ್ಕೆ ಉತ್ತರ ಸಿಕ್ಕ ಮೇಲೆ, ಒಂದೆರಡು ಭೇಟಿ ಕಳೆದ ಮೇಲೆ, ಅವಳು ತನ್ನ ತವರಿನ ತಮ್ಮನ ಹೆಸರು ಎತ್ತುತ್ತಾಳೆ. ಅಳು ಬರುವುದು ಆಗ. ಈ ಕ್ರಮವನ್ನು ತಿರುವುಮುರುವು ಮಾಡಿ, ಬಂದ ದಿನವೇ ಮನಸ್ಸಿನ ಮಾತು ತೆಗೆಯಲು ಹೋದರೆ ಅವಳು ಇನ್ನೊಂದು ಸಲ ಬರುವುದಿಲ್ಲ. ಧೈರ್ಯ ತುಂಬುವುದಕ್ಕೆ ದಾವಣಗೆರೆ ಕಂಡುಕೊಂಡ ಸೂತ್ರ ಏನಾದರೂ ಇದ್ದರೆ ಇದೇ: ವ್ಯವಸ್ಥೆ ಮೊದಲು, ಸಾಂತ್ವನ ಆಮೇಲೆ.

ರಕ್ತದ ಮಾತು ಬಂದ ಮೇಲೆ ಎಚ್‌ಐವಿಯನ್ನು ಬಿಡುವಂತಿಲ್ಲ. 1980ರ ದಶಕದಲ್ಲಿ ಪಶ್ಚಿಮದ ದೇಶಗಳಲ್ಲಿ ಸಾವಿರಾರು ಹಿಮೋಫಿಲಿಯಾ ರೋಗಿಗಳಿಗೆ ಔಷಧಿಯ ಸೀಸೆಯಿಂದಲೇ ಸೋಂಕು ಹತ್ತಿತು. ಭಾರತದಲ್ಲಿ ರಕ್ತಕ್ಕೆ ಎಚ್‌ಐವಿ ಪರೀಕ್ಷೆ ಕಡ್ಡಾಯವಾದದ್ದು 1989ರಲ್ಲಿ. ದುಡ್ಡಿಗೆ ರಕ್ತ ಕೊಡುವುದಕ್ಕೆ ನಿಷೇಧ ಬಂದದ್ದು ಸುಪ್ರೀಂ ಕೋರ್ಟ್ ಆದೇಶದಂತೆ 1998ರ ಜನವರಿಯಿಂದ. ಪುಣೆ–ಬೆಂಗಳೂರು ಹೆದ್ದಾರಿಯ ಮೇಲಿನ ದಾವಣಗೆರೆ, ಹರಿಹರಗಳಿಗೆ ಎಚ್‌ಐವಿ ದೂರದ ಸುದ್ದಿಯಾಗಿ ಉಳಿಯಲಿಲ್ಲ. 'ಆಪ್ತ ಸಮಾಲೋಚಕರು' ಎಂಬ ಹುದ್ದೆ ಸರ್ಕಾರಿ ಆಸ್ಪತ್ರೆಯ ಬಾಗಿಲಿಗೆ ಬೋರ್ಡಾಗಿ ಬಂದದ್ದು ಈ ಕಾಯಿಲೆಯ ಕಾರಣದಿಂದಲೇ. ಪರೀಕ್ಷೆಗೆ ಮುಂಚೆ ಒಮ್ಮೆ, ವರದಿ ಬಂದ ಮೇಲೆ ಇನ್ನೊಮ್ಮೆ ಮಾತಾಡಿಸಲೇಬೇಕು ಎಂಬುದು ನಿಯಮ. ಮನಸ್ಸಿನ ಮಾತಿಗೆ ಸರ್ಕಾರ ಒಂದು ಕೋಣೆ, ಒಂದು ಬಾಗಿಲು, ಎರಡು ಕುರ್ಚಿ, ಒಂದು ಸಂಬಳ ಗೊತ್ತುಮಾಡಿದ್ದು ಬಹುಶಃ ಅದೇ ಮೊದಲು. ಅದರ ಮುಂದಿನ ಘಟ್ಟ 'ವ್ಯವಸ್ಥೆ ಮೊದಲು' ಎಂಬ ಅದೇ ಸೂತ್ರವನ್ನು ಮತ್ತೆ ಸಾರುತ್ತದೆ. 2004ರ ಏಪ್ರಿಲ್‌ನಿಂದ ದೇಶದಲ್ಲಿ ಎಚ್‌ಐವಿಯನ್ನು ಹದ್ದಿನಲ್ಲಿಡುವ ಎಆರ್‌ಟಿ ಮಾತ್ರೆ ಉಚಿತವಾಗಿ ಸಿಗತೊಡಗಿ, ಮುಂದೆ ಜಿಲ್ಲಾ ಆಸ್ಪತ್ರೆಗಳಿಗೂ ಬಂತು. ಅಲ್ಲಿಯವರೆಗೆ ಆ ಕೋಣೆಯ ಮಾತೆಲ್ಲ ಸಾವಿಗೆ ಸಿದ್ಧಪಡಿಸುವ ಮಾತು. ಮಾತ್ರೆ ಬಂದ ಮೇಲೆ ಮಕ್ಕಳ ಫೀಸು, ವಿಧವೆಯ ಪಿಂಚಣಿ, ಮರುಮದುವೆಯ ವಿಚಾರಗಳು ಅದೇ ಕುರ್ಚಿಯಲ್ಲಿ ಚರ್ಚೆಗೆ ಬಂದವು.

ಇಷ್ಟರಲ್ಲಿ ಮನೋವೈದ್ಯಶಾಸ್ತ್ರ ಏನು ಮಾಡುತ್ತಿತ್ತು? ಅದೂ ಸುಮ್ಮನಿರಲಿಲ್ಲ, ಮತ್ತು ಅದರ ಒಂದು ಮುಖ್ಯ ಅಧ್ಯಾಯ ನಡೆದದ್ದು ದಾವಣಗೆರೆಯ ಮಗ್ಗುಲಲ್ಲೇ. ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ 1985ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗ ಶುರುಮಾಡಿತು. ಮಾನಸಿಕ ಕಾಯಿಲೆಗೆಂದು ಜನ ಬೆಂಗಳೂರಿಗೆ ಬರುವ ಬದಲು, ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೇ ತರಬೇತಿ ಕೊಟ್ಟು ಅಲ್ಲೇ ಗುಳಿಗೆ ಸಿಗುವಂತೆ ಮಾಡುವುದು ಅದರ ಗುರಿ. ಹರಪನಹಳ್ಳಿ ತಾಲ್ಲೂಕು ಆಗ ಬಳ್ಳಾರಿ ಜಿಲ್ಲೆಯಲ್ಲೇ ಇತ್ತು. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆಯಾದಾಗ ಆ ತಾಲ್ಲೂಕು ಇತ್ತ ಸೇರಿತು, ಎರಡು ದಶಕ ಕಳೆದ ಮೇಲೆ ಮತ್ತೆ ಅತ್ತ ಹೋಯಿತು. ಗಡಿ ಹಿಂದೆಮುಂದೆ ಸರಿದರೂ ಬಳ್ಳಾರಿಯ ಮಾದರಿ ನಿಂತಿತು: 1996ರಲ್ಲಿ ಕೇಂದ್ರ ಸರ್ಕಾರ ಅದನ್ನೇ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಎಂದು ದೇಶಕ್ಕೆ ವಿಸ್ತರಿಸಿತು. ಮುಂದೆ ರಾಜ್ಯ ಸರ್ಕಾರದ ಮನೋಚೈತನ್ಯ ಯೋಜನೆಯಡಿ ಮಂಗಳವಾರಗಳಂದು ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗಳಿಗೇ ಬಂದು ಕೂರುವ ಏರ್ಪಾಡಾಯಿತು. ಊರವರ ಕಣ್ಣಿಗೆ ಬೀಳಬಾರದೆಂದು ಮನಸ್ಸಿನ ಡಾಕ್ಟರನ್ನು ಪರಸ್ಥಳದಲ್ಲಿ ಹುಡುಕುತ್ತಿದ್ದವರಿಗೆ ತಮ್ಮ ಊರಿನ ಸರ್ಕಾರಿ ಆಸ್ಪತ್ರೆಯ ಹೊರರೋಗಿ ಚೀಟಿಯೇ ಮರೆಯಾಯಿತು; ಆ ಸಾಲಿನಲ್ಲಿ ನಿಂತವರು ಕೆಮ್ಮಿಗೆ ಬಂದರೋ ಕೊರಗಿಗೆ ಬಂದರೋ ಯಾರಿಗೆ ಗೊತ್ತು?

ಪಕ್ಕದ ಶಿವಮೊಗ್ಗದಲ್ಲಿ ಮನೋವೈದ್ಯ ಡಾ. ಅಶೋಕ್ ಪೈ ಇದೇ ಸಂಕೋಚವನ್ನು ಸಿನಿಮಾದಿಂದ ಮುರಿಯಲು ಹೊರಟರು. ಅವರ ಕತೆಯನ್ನಾಧರಿಸಿ ಸುರೇಶ್ ಹೆಬ್ಳೀಕರ್ ನಿರ್ದೇಶಿಸಿದ 'ಕಾಡಿನ ಬೆಂಕಿ'ಗೆ ರಾಷ್ಟ್ರಪ್ರಶಸ್ತಿ ಬಂತು. ನಿಮ್ಹಾನ್ಸಿನ ಡಾ. ಸಿ.ಆರ್. ಚಂದ್ರಶೇಖರ್ ಜೇಬಿನಲ್ಲಿ ಹಿಡಿಸುವಂಥ ಪುಸ್ತಕಗಳನ್ನು ಕನ್ನಡದಲ್ಲಿ ಬರೆಯುತ್ತಲೇ ಹೋದರು. ಮಧ್ಯ ಕರ್ನಾಟಕದ ಓದುಗರಿಗೆ ಖಿನ್ನತೆ, ಆತಂಕ ಎಂಬ ಶಬ್ದಗಳು ಬಾಯಿಗೆ ಬಂದದ್ದರಲ್ಲಿ ಇವರಿಬ್ಬರ ಪಾಲು ದೊಡ್ಡದು. ಆದರೆ ಇವರು ಹೆಚ್ಚಾಗಿ ಮಾತಾಡಿದ್ದು ಮನಸ್ಸಿನ ಕಾಯಿಲೆಯ ಬಗ್ಗೆ. ದೇಹದ ಕಾಯಿಲೆಯಿಂದ ಕುಸಿದವರ, ಸತ್ತವರ ಮನೆಯವರ ಸಂಕಟ ರೋಗವಲ್ಲ. ಅದಕ್ಕೆ ಗುಳಿಗೆಗಿಂತ ಮೊದಲು ಜೊತೆಗಾರರು ಬೇಕು.

ಆಪ್ತ ಸಮಾಲೋಚನೆಯ ತರಬೇತಿಗಳಲ್ಲಿ ಮನೋವೈದ್ಯೆ ಎಲಿಸಬೆತ್ ಕ್ಯೂಬ್ಲರ್ ರಾಸ್ ಹೆಸರು ಬಾರದೆ ಇರುವುದಿಲ್ಲ. ನಿರಾಕರಣೆ, ಕೋಪ, ಚೌಕಾಶಿ, ಖಿನ್ನತೆ, ಒಪ್ಪಿಗೆ ಎಂಬ ಐದು ಮೆಟ್ಟಿಲುಗಳನ್ನು ಹೊಸಬರು ಬಾಯಿಪಾಠ ಮಾಡುತ್ತಾರೆ. 1969ರ ಅವರ ಪುಸ್ತಕ ಸಾಯುತ್ತಿರುವ ರೋಗಿಗಳೊಂದಿಗೆ ಮಾತಾಡಿ ಬರೆದದ್ದು. ಅದನ್ನು ಉಳಿದವರ ದುಃಖಕ್ಕೂ ಅಂಟಿಸಿದ್ದು ಆಮೇಲಿನ ರೂಢಿ. ದಾವಣಗೆರೆಯ ವಾರ್ಡುಗಳಲ್ಲಿ ಮೆಟ್ಟಿಲುಗಳು ಈ ಕ್ರಮದಲ್ಲಿ ಬರುವುದು ಕಡಿಮೆ. 'ಹಣೆಬರಹ' ಎಂಬ ಒಪ್ಪಿಗೆ ಮೊದಲ ದಿನವೇ ಬಾಯಲ್ಲಿರುತ್ತದೆ. ಕೋಪ ಆರು ತಿಂಗಳ ಮೇಲೆ, ಆಸ್ಪತ್ರೆಯ ಸಾಲ ತೀರಿಸಲು ಹೊಲ ಮಾರುವಾಗ ಬರುತ್ತದೆ.

ಹಣದ ಪ್ರಸ್ತಾಪವಿಲ್ಲದೆ ದುಃಖದ ಬಗ್ಗೆ ಬರೆಯುವವರನ್ನು ನಂಬುವುದು ಕಷ್ಟ. ಮಂಸೋರೆ ನಿರ್ದೇಶನದ 'ಹರಿವು' ಚಿತ್ರ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಕ್ಕಳ ತಜ್ಞೆ ಡಾ. ಆಶಾ ಬೆನಕಪ್ಪ ಬರೆದ ನಿಜ ಘಟನೆಯನ್ನು ಆಧರಿಸಿದ ಆ ಚಿತ್ರದಲ್ಲಿ, ಬೆಂಗಳೂರಿನ ಆಸ್ಪತ್ರೆಯಲ್ಲಿ ತೀರಿಕೊಂಡ ಮಗನ ದೇಹವನ್ನು ತಂದೆ ಟ್ರಂಕಿನಲ್ಲಿಟ್ಟುಕೊಂಡು ಬಸ್ಸಿನಲ್ಲಿ ಊರಿಗೆ ಒಯ್ಯುತ್ತಾನೆ. ಊರಿನಲ್ಲಿ ಅಳಲು ನೂರು ಜನರಿದ್ದಾರೆ. ಆಸ್ಪತ್ರೆಯಿಂದ ಊರಿನವರೆಗೆ ಯಾರೂ ಇಲ್ಲ.

2020 ಮತ್ತು 2021ರಲ್ಲಿ ಊರಿನಲ್ಲೂ ಯಾರೂ ಇಲ್ಲದಂತಾಯಿತು. ಕೋವಿಡ್ ಕಾಲದ ದೊಡ್ಡ ಹೊಡೆತ ಬಿದ್ದದ್ದು ಶತಮಾನಗಳಿಂದ ನಂಬಿಕೊಂಡಿದ್ದ ಶಾಸ್ತ್ರದ ಮೇಲೆಯೇ. ಭಜನೆ ಇಲ್ಲ, ಜನಾಜಾಕ್ಕೆ ನಾಲ್ಕು ಜನ, ಮುಖ ನೋಡುವಂತಿಲ್ಲ, ನೆರೆಮನೆಯ ರೊಟ್ಟಿ ಇಲ್ಲ, ಮಾತಾಡಿಸಿಕೊಂಡು ಹೋಗಲು ಯಾರೂ ಬರುವಂತಿಲ್ಲ. ಪಿಪಿಇ ತೊಟ್ಟ ಅಪರಿಚಿತರು ಹೂಳುವುದನ್ನು ಮನೆಯವರು ದೂರದಿಂದ ನೋಡಿದರು. ತಾವೂ ಕ್ವಾರಂಟೈನಿನಲ್ಲಿದ್ದವರು ಅದನ್ನೂ ನೋಡಲಿಲ್ಲ. ಆಗ ಸರ್ಕಾರ ಸಮಾಲೋಚಕರನ್ನು ಫೋನಿಗೆ ಕೂರಿಸಿ ಸೋಂಕಿತರಿಗೂ ಪ್ರತ್ಯೇಕವಾಸದಲ್ಲಿದ್ದವರಿಗೂ ಕರೆ ಮಾಡಿಸಿತು. ಎಚ್‌ಐವಿ ಕೋಣೆಗಳಲ್ಲಿ ಪಳಗಿದ ಕೈಗಳು ಈ ಹೊತ್ತಿನಲ್ಲಿ ಒದಗಿದವು. ಹೆತ್ತವರಿಬ್ಬರನ್ನೂ ಕಳೆದುಕೊಂಡ ಮಕ್ಕಳಿಗೆ ಮುಖ್ಯಮಂತ್ರಿ ಬಾಲಸೇವಾ ಯೋಜನೆಯಡಿ ತಿಂಗಳಿಗೆ 3,500 ರೂಪಾಯಿ ಗೊತ್ತಾಯಿತು. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಸಹಾಯವಾಣಿ — 14416 — ಆ ದಿನಗಳ ಫೋನ್ ಸಮಾಲೋಚನೆಯ ಮುಂದುವರಿಕೆ. ಕನ್ನಡದಲ್ಲೇ, ಹಗಲಿರುಳೂ ಸಿಗುತ್ತದೆ, ದುಡ್ಡಿಲ್ಲ. ಕೋವಿಡ್ ಮುಗಿದ ಎಷ್ಟೋ ತಿಂಗಳ ಮೇಲೆ ಕೆಲವು ಮನೆಗಳು ವರ್ಷಾಬ್ದಿಕದ ನೆಪದಲ್ಲಿ ಜನರನ್ನು ಕರೆದು, ಬಿಟ್ಟುಹೋಗಿದ್ದ ಊಟ ಹಾಕಿಸಿದ್ದನ್ನು ಈ ಭಾಗದವರು ಬಲ್ಲರು. ಯಾವ ಇಲಾಖೆಯೂ ಹೇಳಿಕೊಟ್ಟದ್ದಲ್ಲ ಅದು.

ಹಿಮೋಫಿಲಿಯಾದಲ್ಲೂ ಕಾಲ ಬದಲಾಗಿದೆ. ಚರ್ಮದಡಿ ಕೊಡುವ ಎಮಿಸಿಜುಮ್ಯಾಬ್‌ನಂಥ ಔಷಧಿ ಬಂದ ಮೇಲೆ, ಅದು ಸಿಗುವ ಮಕ್ಕಳಿಗೆ ಮಂಡಿ ಊದುವುದೇ ಅಪರೂಪ. ಇದರಿಂದ ಸಮಾಲೋಚನೆಯ ಕೆಲಸ ಕಡಿಮೆಯಾಗಲಿಲ್ಲ, ಬೇರೆಯಾಯಿತು. ಫ್ಯಾಕ್ಟರ್ ಇಲ್ಲದ ಕಾಲದಲ್ಲಿ ಬೆಳೆದು ಕೀಲು ಕಳೆದುಕೊಂಡ ನಡುವಯಸ್ಸಿನವರು ಈಗ ಸಭೆಗೆ ಬರುತ್ತಾರೆ. ಅವರೆದುರಿಗೆ ಕ್ರಿಕೆಟ್ ಆಡಿ ಬಂದ ಹುಡುಗ ಕೂರುತ್ತಾನೆ. ಹತ್ತು ವರ್ಷ ತಡವಾಗಿ ಹುಟ್ಟಿದ್ದರೆ ಎಂಬ ಲೆಕ್ಕಾಚಾರ ಅವರ ಮನಸ್ಸಿನಲ್ಲಿ ಬಾರದೆ ಇರದು. ಇದೂ ಒಂದು ಬಗೆಯ ಶೋಕವೇ, ಇದಕ್ಕೆ ಇನ್ನೂ ಹೆಸರಿಟ್ಟಿಲ್ಲ.

ಈ ಚರಿತ್ರೆಯ ತೀರ ಇತ್ತೀಚಿನ ಪುಟವೂ ದಾವಣಗೆರೆಯದೇ. ಇಲ್ಲಿನ ನಿವೃತ್ತ ಶಿಕ್ಷಕಿ ಎಚ್.ಬಿ. ಕರಿಬಸಮ್ಮ ಘನತೆಯ ಸಾವಿನ ಹಕ್ಕಿಗಾಗಿ ಎರಡು ದಶಕಕ್ಕೂ ಹೆಚ್ಚು ಕಾಲ ಸರ್ಕಾರಗಳಿಗೆ ಪತ್ರ ಬರೆಯುತ್ತ, ಬಾಗಿಲು ತಟ್ಟುತ್ತ ಬಂದವರು. ಆ ಹಕ್ಕನ್ನು ಒಪ್ಪಿದ 2018ರ ಸುಪ್ರೀಂ ಕೋರ್ಟ್ ತೀರ್ಪು ಮತ್ತು ಅದನ್ನು ಸರಳಗೊಳಿಸಿದ 2023ರ ಆದೇಶದ ಮೇಲೆ ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿ ಕೊನೆಯಲ್ಲಿ ಸುತ್ತೋಲೆ ಹೊರಡಿಸಿದಾಗ ಪತ್ರಿಕೆಗಳು ಮೊದಲು ಓಡಿದ್ದು ಅವರ ಮನೆಬಾಗಿಲಿಗೆ. ಸುತ್ತೋಲೆ ಹೇಳುವುದು ಅವರು ಕೇಳಿದ್ದಕ್ಕಿಂತ ಬಹಳ ಕಡಿಮೆ. ಗುಣವಾಗುವ ಆಸೆಯೇ ಇಲ್ಲದ ರೋಗಿಗೆ ಜೀವ ಹಿಡಿದಿಡುವ ಯಂತ್ರವನ್ನು ತೆಗೆಯುವ, ಅಥವಾ ಹಾಕದೇ ಇರುವ ಕ್ರಮವಷ್ಟೇ ಅದರಲ್ಲಿದೆ: ಮೂವರು ವೈದ್ಯರ ಮೊದಲ ಮಂಡಳಿ, ಮೂವರ ಎರಡನೆಯ ಮಂಡಳಿ, ಹತ್ತಿರದ ಸಂಬಂಧಿಕರ ಒಪ್ಪಿಗೆ, ಮ್ಯಾಜಿಸ್ಟ್ರೇಟರಿಗೆ ಪ್ರತಿ. ಯಾರು ಯಾರು ಸಹಿ ಮಾಡಬೇಕೆಂಬುದು ಇದರಲ್ಲಿ ಗೊತ್ತಾಗಿದೆ. ಮನೆಯವರನ್ನು ಕೂರಿಸಿಕೊಂಡು ಅರ್ಧ ಗಂಟೆ ಮಾತಾಡುವ ಕೆಲಸವನ್ನು ಆಯಾ ಆಸ್ಪತ್ರೆ ಯಾರಿಗಾದರೂ ವಹಿಸಬೇಕಾಗುತ್ತದೆ. ಸದ್ಯಕ್ಕೆ ಅದು ಬೀಳುವುದು ಐಸಿಯುವಿನ ರಾತ್ರಿ ಪಾಳಿಯಲ್ಲಿರುವ ಪಿಜಿ ವಿದ್ಯಾರ್ಥಿಯ ಮೇಲೆ, ಅವನ ಪಕ್ಕದಲ್ಲಿ ನಿಂತ ಸ್ಟಾಫ್ ನರ್ಸ್ ಮೇಲೆ. ಅವರಿಬ್ಬರಿಗೂ ಈ ಮಾತು ಆಡುವುದನ್ನು ಕಲಿಸಲು ಈ ಊರಿನಲ್ಲಿ ಹಿಮೋಫಿಲಿಯಾ ತಾಯಂದಿರಿದ್ದಾರೆ, ಎಆರ್‌ಟಿ ಕೋಣೆಯ ಹಳೆಯ ಸಮಾಲೋಚಕರಿದ್ದಾರೆ. ಅವರನ್ನು ಪಾಠದ ಕೊಠಡಿಗೆ ಕರೆಸುವ ಟೈಮ್‌ಟೇಬಲ್ ಬರೆಯುವುದು ಬಾಕಿ.